ಹೊನ್ನೆಯ ಮುಕ್ಕಾಲಿ

ಮುಕ್ಕಾಲಿಯ ತಲೆಯ ಮೇಲೆ ಅಂಗೈ ಊರಿ ಎಡಕ್ಕೊಮ್ಮೆ ಬಲಕ್ಕೊಮ್ಮೆ ತಿರುಚಿದ ಕೂಡಲೇ ಇದು ತನ್ನ ಕ್ಯಾಮರಾಕ್ಕೆ ಆಗದು ಎಂದು ಪಟ ತೆಗೆಯುವ ಅಂಕಯ್ಯನಿಗೆ ಗೊತ್ತಾಯಿತು. ನೋಡುವುದಕ್ಕೇನೋ ಭರ್ಜರಿಯಾಗಿತ್ತು. ಹೊನ್ನೆಮರದ ಮೂರು ಕಾಲು, ಒಂದೊಂದೂ ಮುಂಗೈ ದಪ್ಪ, ತುದಿಗೆ ಕಬ್ಬಿಣದ ಮೊನೆ, ನೆತ್ತಿಯ ಮೇಲೆ ಊಟದ ಮಣೆಯಷ್ಟು ಅಗಲದ ಹಲಗೆ. ಹುಣಸೂರಿನಲ್ಲಿ ಗಾಡಿ ಕಟ್ಟುವವರ ಸಾಲಿನಲ್ಲಿ ಇದನ್ನು ಮಾಡಿದ ಲಿಂಗಯ್ಯನ ಹೆಸರೇ ಮೊದಲು ಬರುತ್ತಿತ್ತು. ಕೊಡಗಿನವರು, ವೈನಾಡಿನವರು ಕೂಡ ಅವನ ಗಾಡಿಗಾಗಿ ಕಾಯುತ್ತಿದ್ದರು. ಆದರೆ ಅಂಗೈಗೆ ಒಂದು ಮಿಸುಕಾಟ ಸಿಕ್ಕಿಬಿಟ್ಟಿತ್ತು. ಕೂದಲೆಳೆಯಷ್ಟೇ. ಇಲ್ಲಿ ಕೂದಲೆಳೆಯಷ್ಟಿದ್ದದ್ದು ಆ ಉದ್ದನೆಯ ಲೆನ್ಸಿನ ಮೂತಿಗೆ ಹೋಗುವಷ್ಟರಲ್ಲಿ ದೊಡ್ಡದಾಗುತ್ತದೆ, ಗಾಜಿನ ಪ್ಲೇಟಿನ ಮೇಲೆ ಬೀಳುವಷ್ಟರಲ್ಲಿ ಒಬ್ಬ ಮನುಷ್ಯನಿಗೆ ಎರಡು ಮೂಗು ಹುಟ್ಟುತ್ತವೆ. ಎರಡು ಮೂಗಿನ ಸಂಗತಿಯನ್ನು ಅಂಕಯ್ಯನಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ.

“ಸಡಿಲ ಬುಟ್ಟಿದ್ದೀಯ,” ಎಂದ.

ಲಿಂಗಯ್ಯ ಉಳಿಯನ್ನು ಕೆಳಗಿಟ್ಟು ನಕ್ಕ. “ಬುಡ್ದೆ ಇನ್ನೇನ್ ಮಾಡ್ಲಿ? ಬಿಗಿ ಮಾಡಿದ್ ಗಾಡಿ ಮೊದಲ್ನೇ ಅಳ್ಳಕ್ಕೇ ಬಿರೀತದೆ. ಒಸಿ ಆಡ್ಬೇಕು ಕಣಪ್ಪ, ಆಡಿದ್ರೇನೇ ಬಾಳ್ಕೆ.”

ಅಂಕಯ್ಯನಿಗೆ ಸಿಟ್ಟಿಗಿಂತ ನಗು ಬಂತು. ಹುಣಸೂರಿನ ಕೈ ಮಾತ್ರ ಮಾಡಬಲ್ಲ ತಪ್ಪು ಇದು. ಒಂದೊಂದು ಸಂದಿನಲ್ಲೂ, ಗೂಟ ಹೊಡೆದ ಕಡೆಯೆಲ್ಲ, ಲಿಂಗಯ್ಯ ಬಲು ಪ್ರೀತಿಯಿಂದ ರಸ್ತೆಯ ಹಳ್ಳಕೊಳ್ಳಗಳಿಗೆ ಜಾಗ ಬಿಟ್ಟಿದ್ದ. ಈ ಮುಕ್ಕಾಲಿ ಎಲ್ಲಿಗೂ ಹೋಗುವುದಿಲ್ಲ, ನಿಂತ ಕಡೆ ನಿಲ್ಲುವುದೇ ಇದರ ಕಸುಬು ಎಂದು ಬಿಡಿಸಿ ಹೇಳಿದರೆ, ಬರೀ ನಿಲ್ಲುವುದಕ್ಕೆ ಯಾರಾದರೂ ಹೊನ್ನೆ ಕಡಿಯುತ್ತಾರೆಯೇ, ಒಂದು ಕಲ್ಲಿನ ಮೇಲೆ ಪೆಟ್ಟಿಗೆ ಇಟ್ಟುಕೊಂಡರೆ ಆಗದೇ ಎಂದು ಲಿಂಗಯ್ಯ ತಿರುಗಿ ಕೇಳಿದ. ಅಂಕಯ್ಯ ವಾದಿಸಲು ಹೋಗಲಿಲ್ಲ. ಹೇಳುತ್ತಾ ಹೋದ: ಪ್ರತಿ ಸಂದಿಗೂ ಬೆಣೆ ಬಡಿ, ವಜ್ರದ ಗೋಂದು ಹಾಕಿ ಅಂಟಿಸು, ಒಂದೊಂದು ಕಾಲೂ ಹಲಗೆಯನ್ನು ಒಂದೇ ಕಡೆ ಹಿಡಿಯದೆ ಎರಡು ಕವಲಾಗಿ ಹಿಡಿಯಬೇಕು, ಹಾಗಾದರೆ ತಿರುಚು ಸಾಯುತ್ತದೆ. ಲಿಂಗಯ್ಯ ಗೊಣಗುತ್ತಲೇ ಬೆಣೆ ಸೀಳತೊಡಗಿದ. ತನಗೆ ಗೊತ್ತಿರುವುದು ಈ ಮೂರು ತಾಲ್ಲೂಕಿನಲ್ಲಿ ಬೇರೆ ಯಾರಿಗೂ ಗೊತ್ತಿಲ್ಲ ಎಂಬ ವಿಷಯದಲ್ಲಿ ಅಂಕಯ್ಯನಿಗೆ ಎಳ್ಳಷ್ಟೂ ಅನುಮಾನವಿರಲಿಲ್ಲ.

ಅನುಮಾನ ಯಾಕಿರಬೇಕು? ಲೆನ್ಸು ಕೈಗೆ ಬಂದಾಗಿನಿಂದ ಅವನು ಬೇರೆ ಏನನ್ನೂ ಯೋಚಿಸಿರಲಿಲ್ಲ. ಕೊಪ್ಪದ ಆಚೆ ಕಾಫಿ ತೋಟ ಮಾರಿ ವಿಲಾಯಿತಿಗೆ ಹೊರಟಿದ್ದ ಬಿಳಿ ದೊರೆಯೊಬ್ಬ ಮನೆಯ ಸಾಮಾನನ್ನೆಲ್ಲ ಅಂಗಳಕ್ಕೆ ಹಾಕಿದಾಗ ಜನ ಕುರ್ಚಿಗೂ ಗಡಿಯಾರಕ್ಕೂ ಮುಗಿಬಿದ್ದಿದ್ದರು. ಅಂಕಯ್ಯ ಮಾತ್ರ ಮೂಲೆಯಲ್ಲಿದ್ದ ಹಿತ್ತಾಳೆಯ ಆ ಕೊಳವೆಯನ್ನು ಎತ್ತಿಕೊಂಡ. ಎತ್ತಿಕೊಂಡ ಎನ್ನುವುದಕ್ಕಿಂತ ತಬ್ಬಿಕೊಂಡ ಎನ್ನಬೇಕು, ಅಷ್ಟು ಭಾರ. ಹೊಳೆಯ ಆಚೆ ದಡದ ಮನುಷ್ಯನ ಹುಬ್ಬು ಎಣಿಸಬಹುದಾದ ಲೆನ್ಸು. ಹಳೆಯ ಮಡಚುವ ಸ್ಟ್ಯಾಂಡಿನ ಮೇಲೆ ಕ್ಯಾಮರಾಕ್ಕೆ ಅದನ್ನು ಸಿಕ್ಕಿಸಿದರೆ ಇಡೀ ಪೆಟ್ಟಿಗೆ ಮೂತಿ ತಗ್ಗಿಸಿ ನೆಲ ನೋಡುತ್ತಿತ್ತು. ಅವತ್ತೇ ಇನ್ನೊಂದು ಸ್ಟ್ಯಾಂಡಿಗೆ ಹುಡುಕಾಟ ಶುರುವಾಗಬೇಕಿತ್ತು. ಆಗಲಿಲ್ಲ, ಏಕೆಂದರೆ ಅಮಲ್ದಾರರ ವರ್ಗವಾಯಿತು. ಬೀಳ್ಕೊಡುಗೆಯ ಗುಂಪಿನ ಪಟಕ್ಕೆ ಮಾಮೂಲಿ ಲೆನ್ಸು ಸಾಲದೇ? ಸಾಲುತ್ತಿತ್ತು, ಸಲೀಸಾಗಿ ಸಾಲುತ್ತಿತ್ತು. ಆದರೆ ಕಚೇರಿಯ ಗುಮಾಸ್ತರೆಲ್ಲ ಮೀಸೆ ತಿರುವಿ ನಿಂತಿರುವಾಗ ಆ ಹಿತ್ತಾಳೆಯ ಕೊಳವೆಯನ್ನು ಹೊರತೆಗೆಯದಿರಲು ಅವನಿಂದಾಗಲಿಲ್ಲ. ಮೈದಾನದ ಆ ತುದಿಗೆ ಹೋಗಿ ನಿಂತು, ಕೈ ಎತ್ತಿ, ಅಲ್ಲಾಡಬೇಡಿ ಎಂದು ಕೂಗಿದ. ಅವರು ಯಾರೂ ಅಲ್ಲಾಡಲಿಲ್ಲ. ಪಟದಲ್ಲಿ ಅಮಲ್ದಾರರಿಗೆ ಎರಡು ಮೂಗು, ಶಿರಸ್ತೇದಾರರಿಗೆ ಎರಡು ಪೇಟ, ಎಲ್ಲರಿಗೂ ಎರಡೆರಡು ಜೊತೆ ಮೀಸೆ. ಅಮಲ್ದಾರರು ಒಳ್ಳೆಯವರು, ಬೈಯಲಿಲ್ಲ, ನಕ್ಕರು. ಬೈದಿದ್ದರೆ ಮರೆತುಹೋಗುತ್ತಿತ್ತು. ನಕ್ಕಿದ್ದರಿಂದ ಊರಿಗೆ ಊರೇ ನಕ್ಕಿತು, ನಡುಕದ ಅಂಕಯ್ಯ ಎಂದು ಹೆಸರಾಯಿತು, ಪಿರಿಯಾಪಟ್ಟಣದ ಸಂತೆಯಲ್ಲಿ ಗುರುತಿಲ್ಲದವರು ಕೂಡ ಅವನ ಕೈಯನ್ನು ಒಂದು ಸಲ ನೋಡಿ ಆಮೇಲೆ ಮುಖ ನೋಡುತ್ತಿದ್ದರು. ನಡುಗಿದ್ದು ಸ್ಟ್ಯಾಂಡು, ನನ್ನ ಕೈಯಲ್ಲ ಎಂದು ಅವನು ಎಷ್ಟು ಜನರಿಗೆ ಹೇಳಿದ! ಹೇಳಿದಷ್ಟೂ ಅವರು ಸಮಾಧಾನದಿಂದ ತಲೆಯಾಡಿಸುತ್ತಿದ್ದರು. ಆ ಸಮಾಧಾನವೇ ಅವನಿಗೆ ಸಹಿಸಲಾಗದ್ದು.

ಆಮೇಲೆ ಮೈಸೂರಿನ ಅಂಗಡಿಯಲ್ಲಿ ಒಂದರೊಳಗೊಂದು ಸೇರುವ ಹಿತ್ತಾಳೆ ಕಾಲಿನ ಸ್ಟ್ಯಾಂಡನ್ನು ನೋಡಿ ಬಂದ. ಅಂಗಡಿಯವನು ಸರಸರ ಎಳೆದು ನಿಲ್ಲಿಸಿ ತೋರಿಸಿದ. ಅಂಕಯ್ಯ ಉಗುರಿನಿಂದ ಒಂದು ಕಾಲನ್ನು ಟಕ್ಕೆಂದು ಮೀಟಿ, ಅದು ಗುಂಯ್ ಎನ್ನುವುದನ್ನು ಕೇಳಿ, ಬೇಡ ಎಂದ. ಕೂಗುವ ಕಾಲು ನಡುಗುವ ಕಾಲು. ಪಕ್ಕದ ತಾಲ್ಲೂಕಾದ ಕೋಟೆಯಲ್ಲಿ ಸರ್ವೆಯವರು ಬಿಟ್ಟುಹೋದ ಸ್ಟ್ಯಾಂಡೊಂದು ಸಿಕ್ಕಿತು, ಕಾಲು ಬಲವಾಗಿತ್ತು, ಆದರೆ ತಲೆ ಬಗ್ಗುತ್ತಿರಲಿಲ್ಲ, ಏಳುತ್ತಿರಲಿಲ್ಲ, ನೆಟ್ಟಗೆ ಎದುರು ನೋಡುವುದೊಂದೇ ಅದಕ್ಕೆ ಗೊತ್ತಿದ್ದದ್ದು. ಜನ ಸ್ಟ್ಯಾಂಡು ಎಂದರೆ ಕಾಲು ಎಂದುಕೊಳ್ಳುತ್ತಾರೆ. ಕಾಲು ಅರ್ಧ ಮಾತ್ರ. ಭಾರವಾದ ಲೆನ್ಸಿಗೆ ತಲೆಯೇ ಮುಖ್ಯ. ಬಗ್ಗಬೇಕು, ಬಗ್ಗಿದ ಕಡೆ ಕಚ್ಚಿಕೊಂಡು ನಿಲ್ಲಬೇಕು, ಲೆನ್ಸಿನ ಮೂತಿಗೆ ಮುಂದುಗಡೆ ಬೇರೆಯೇ ಒಂದು ತೊಟ್ಟಿಲಿರಬೇಕು, ತೂಕ ಮೂರು ಕಾಲಿನ ನಟ್ಟನಡುವೆ ಇಳಿಯಬೇಕು. ಇದೆಲ್ಲ ಯಾವ ಅಂಗಡಿಯಲ್ಲೂ ಇರಲಿಲ್ಲ, ಅವನ ತಲೆಯಲ್ಲಿ ಇತ್ತು. ಅದಕ್ಕೇ ಲಿಂಗಯ್ಯನ ಬಳಿ ಬಂದದ್ದು.

ಬೆಣೆ ಬಡಿದಾದ ಮೇಲೆ ಅಂಕಯ್ಯ ತಲೆಯ ಮೇಲೆ ಒಂದು ತಟ್ಟೆ ಇಟ್ಟು ಅಂಚಿನವರೆಗೆ ನೀರು ತುಂಬಿಸಿದ. ನಡುವೆ ಕಾಲುಗಳ ಸಂದಿನಲ್ಲಿ ಹಗ್ಗ ಕಟ್ಟಿ ಒಂದು ಗುಂಡುಕಲ್ಲು ತೂಗುಬಿಟ್ಟ. ಆಮೇಲೆ ಲಿಂಗಯ್ಯನಿಗೆ ಒಂದು ಕಾಲನ್ನು ಕೈಯಿಂದ ಗುದ್ದಲು ಹೇಳಿದ. ನೀರು ಒಂದು ಸಲ ಸುಕ್ಕಾಯಿತು, ಅಷ್ಟೇ, ಸುಮ್ಮನಾಯಿತು. ಇನ್ನೊಂದು ಸಲ ಗುದ್ದಿಸಿದ. ಕೊಟ್ಟಿಗೆಯ ಸೂರಿನ ಹಂಚುಗಳು ಆ ನೀರಿನಲ್ಲಿ ಒಂದೊಂದಾಗಿ ಬಿಡಿಬಿಡಿಯಾಗಿ ಕಂಡವು. ಲಿಂಗಯ್ಯನೂ ಬಗ್ಗಿ ನೋಡಿ, ಪರವಾಗಿಲ್ಲ, ಆದರೆ ಇದನ್ನು ಗಾಡಿಗೆ ಕಟ್ಟಿ ಓಡಿಸಿದರೆ ಮಾತ್ರ ಪುಡಿಯಾಗುತ್ತದೆ ಎಂದ. ಅಂಕಯ್ಯನಿಗೆ ಕೇಳಿಸಲಿಲ್ಲ. ಅಷ್ಟು ಹೊತ್ತಿಗಾಗಲೇ ಅವನ ಮನಸ್ಸು ಸರಗೂರಿನ ದಾರಿ ಹಿಡಿದಾಗಿತ್ತು.

ಸರಗೂರಿನಾಚೆ ಕಪಿನಿ ಹೊಳೆಯ ಪಕ್ಕದ ಒಂದು ಹುಂಡಿಯ, ಸಣ್ಣ ಹಳ್ಳಿಯ, ಪಟೇಲರು ದೊಡ್ಡಬೀರಯ್ಯ. ಅವರ ತಾಯಿ ಕೆಂಪಾಜಮ್ಮನಿಗೆ ವಯಸ್ಸಾಗಿತ್ತು, ಒಂದು ಪಟ ಇರಲಿ ಎಂದು ಮಗನಿಗೆ ಆಸೆ. ತಾಯಿ ಒಪ್ಪಿರಲಿಲ್ಲ. ಪಟ ತೆಗೆಸಿಕೊಂಡವರೆಲ್ಲ ಗೋಡೆಯ ಮೇಲೆ ಇದ್ದಾರೆ, ನಾನು ಇನ್ನೂ ಜಗುಲಿಯ ಮೇಲೆ ಇರಬೇಕು ಎಂದಿದ್ದಳಂತೆ. ಸುಳ್ಳೇನಲ್ಲ, ಆ ಸೀಮೆಯಲ್ಲಿ ಸತ್ತವರ ಪಟಕ್ಕೆ ಮಾತ್ರ ಮೊಳೆ ಹೊಡೆಯುತ್ತಿದ್ದರು, ಅವಳ ಗಂಡನೂ ಜಾತ್ರೆಯಲ್ಲಿ ಪಟ ತೆಗೆಸಿಕೊಂಡು ಬಂದವನು ಮುಂದಿನ ಉಳುಮೆ ನೋಡಿರಲಿಲ್ಲ. ಮಗ ಅಂಗಲಾಚಿದ, ಸೊಸೆ ಹೇಳಿ ನೋಡಿದಳು, ಆದರೆ ಹತ್ತಿರ ಪೆಟ್ಟಿಗೆ ತಂದರೆ ಮುದುಕಿ ಒಳಗೆ ಹೋಗಿ ಕದ ಹಾಕಿಕೊಳ್ಳುತ್ತಿದ್ದಳು. ಹೊಳೆಯಾಚೆಯ ಹುಬ್ಬು ಎಣಿಸುವ ಲೆನ್ಸಿನ ಸುದ್ದಿ ಪಟೇಲರಿಗೆ ತಲುಪಿದ್ದು ಆಗ. ಅವರೇ ಹುಣಸೂರಿಗೆ, ಅಂಕಯ್ಯನ ಪಟದ ಅಂಗಡಿಗೆ ಬಂದಿದ್ದರು. ದೂರದಿಂದ, ಅವಳಿಗೆ ಗೊತ್ತಾಗದಂತೆ ತೆಗೆದುಕೊಡಿ, ನಮ್ಮವ್ವನ ಮುಖ ಬಂದರೆ ಇದು ಯಾರ ಕೈ ಎಂದು ಮೂರು ತಾಲ್ಲೂಕಿಗೂ ನಾನು ಹೇಳುತ್ತೇನೆ ಎಂದಿದ್ದರು. ಹೇಳುವಾಗ ಅವರೂ ಒಂದು ಸಲ ಅಂಕಯ್ಯನ ಕೈ ನೋಡಿದ್ದರು. ಆಗುತ್ತದೆ ಎಂದು ಅಂಕಯ್ಯ ಕಣ್ಣು ಮಿಟುಕಿಸದೆ ಹೇಳಿದ್ದ. ಗೊತ್ತಾಗದಂತೆ ಎನ್ನುವ ಮಾತು ಮಾತ್ರ ಪಟೇಲರು ಹೋದ ಮೇಲೂ ಅಂಗಡಿಯಲ್ಲೇ ಉಳಿದುಕೊಂಡಿತ್ತು. ಅದನ್ನು ಅವನು ಸಲೀಸಾಗಿ ಪಕ್ಕಕ್ಕೆ ಸರಿಸಿದ. ನೋಡುವುದು ಕಳ್ಳತನವೇ? ದಾರಿಯಲ್ಲಿ ಹೋಗುವವರು ಅವಳ ಮುಖ ನೋಡುವುದಿಲ್ಲವೇ? ಇವನೂ ನೋಡುತ್ತಾನೆ, ಸ್ವಲ್ಪ ದೂರದಿಂದ.

ಬಸ್ಸಿನ ಮೇಲೆ ಹೇರಿ ಕೋಟೆಯವರೆಗೆ, ಅಲ್ಲಿಂದ ಪಟೇಲರ ಗಾಡಿಯಲ್ಲಿ. ಗಾಡಿಯಲ್ಲಿ ಅವನು ಮುಕ್ಕಾಲಿಯನ್ನು ಹಲಗೆಯ ಮೇಲಿಡದೆ ತೊಡೆಯ ಮೇಲೆ ಅಡ್ಡಲಾಗಿ ಮಲಗಿಸಿಕೊಂಡ, ಹಳ್ಳ ಬಂದಾಗೆಲ್ಲ ಎತ್ತಿ ಹಿಡಿದ. ರಾಗಿ ಕಟಾವಾಗಿ ಹೊಲಗಳು ಬರಿದಾಗಿದ್ದವು, ಅವರೆಯ ಸೊಗಡು ಗಾಳಿಯಲ್ಲಿ ತುಂಬಿತ್ತು. ಅವನಿಗೆ ತುಂಬ ಸುಖವಾಗಿತ್ತು. ಇಷ್ಟು ದಿನ ತನ್ನ ಮತ್ತು ಊರಿನ ನಡುವೆ ಇದ್ದದ್ದು ಒಂದು ಕೂದಲೆಳೆಯ ಸಡಿಲ, ಅದಕ್ಕೆ ಬೆಣೆ ಬಡಿದಾಯಿತು, ಇನ್ನೇನು. ವರ್ಗವಾಗಿ ಹೋದ ಅಮಲ್ದಾರರು ಈಗ ಎಲ್ಲಿದ್ದಾರೋ, ಅವರಿಗೂ ಒಂದು ಪ್ರತಿ ಕಳಿಸಬೇಕು. ಇದು ಮುದುಕಿಯ ಮುಖ ಸ್ವಾಮಿ, ಒಂದೇ ಮೂಗಿದೆ ನೋಡಿ. ಮುದುಕಿಯ ಮುಖ ಹೇಗಿರಬಹುದು ಎಂದು ಅವನು ಆವರೆಗೆ ಒಂದು ಸಲವೂ ಯೋಚಿಸಿರಲಿಲ್ಲ ಎಂಬುದು ಹೊಳೆದು, ಸುಮ್ಮನೆ ಎತ್ತುಗಳ ಕಡೆ ನೋಡಿದ.

ಪಟೇಲರ ಮನೆಯ ಮುಂದೆ ಕಣ, ಕಣದಾಚೆ ಎತ್ತು ನೀರು ಕುಡಿಯುವ ಕಲ್ಲುಬಾನಿ, ಅದರಾಚೆ ಹುಲ್ಲಿನ ಮೆದೆ. ಮೆದೆಯ ಮರೆಯಲ್ಲಿ ಅಂಕಯ್ಯ ಮುಕ್ಕಾಲಿಯ ಮೊನೆಗಳನ್ನು ನೆಲಕ್ಕೆ ತುಳಿದು ಕೂರಿಸಿದ, ಕಲ್ಲು ತೂಗುಬಿಟ್ಟ, ಲೆನ್ಸನ್ನು ತೊಟ್ಟಿಲಲ್ಲಿ ಮಲಗಿಸಿದ. ತಲೆ ತಗ್ಗಲಿಲ್ಲ. ಮುಂಚಿನ ಸ್ಟ್ಯಾಂಡಾಗಿದ್ದರೆ ಕೈಬಿಟ್ಟ ಕೂಡಲೇ ತಗ್ಗಿಹೋಗುತ್ತಿತ್ತು. ಇದು ಅವನು ಬಿಟ್ಟ ಕಡೆ ಕಚ್ಚಿಕೊಂಡು ನಿಂತಿತು. ಕರಿಯ ಬಟ್ಟೆಯೊಳಗೆ ತಲೆ ಹಾಕಿದ. ಉಜ್ಜಿದ ಗಾಜಿನ ಮೇಲೆ ತಲೆಕೆಳಗಾಗಿ ಜಗುಲಿಯ ಕಂಬ ಬಂತು, ಮೊರ ಬಂತು, ಮೊರದಲ್ಲಿ ಅವರೆಕಾಯಿ, ಕಾಯಿ ಸುಲಿಯುವ ಎರಡು ಕೈ, ಆಮೇಲೆ ಮುಖ. ಹೀಗೆ ಒಬ್ಬರನ್ನು ಅವರಿಗೆ ಗೊತ್ತಿಲ್ಲದೆ ಇಷ್ಟು ಹತ್ತಿರದಿಂದ ಅವನು ಯಾವತ್ತೂ ನೋಡಿರಲಿಲ್ಲ. ಕೆನ್ನೆಯ ಮೇಲೆ ಹಚ್ಚೆಯ ಮೂರು ಚುಕ್ಕಿ, ಎಲೆಯಡಿಕೆಯ ಕೆಂಪು ತುಟಿ. ಅವಳು ತನ್ನಷ್ಟಕ್ಕೆ ತಾನೇ ಏನನ್ನೋ ನೆನೆದು ಸಣ್ಣಗೆ ನಗುತ್ತಿದ್ದಳು. ಆ ನಗು ಮಗನಿಗಾಗಿರಲಿಲ್ಲ, ಸೊಸೆಗಾಗಿರಲಿಲ್ಲ, ಇವನಿಗಂತೂ ಖಂಡಿತ ಆಗಿರಲಿಲ್ಲ. ಅವನಿಗೆ ನಾಚಿಕೆಯಾಯಿತು. ನಾಚಿಕೆಯಾಗುತ್ತಿರುವಾಗಲೇ ಕೈ ತನ್ನ ಕೆಲಸ ತಾನು ಮಾಡಿತು, ತಿರುಪು ಬಿಗಿಸಿತು, ಪ್ಲೇಟು ತುರುಕಿತು. ಬಟ್ಟೆಯಿಂದ ಹೊರಗೆ ಬಂದಾಗ ಜಗುಲಿಯ ಮೇಲೆ ಅವಳು ಮತ್ತೆ ಹೆಬ್ಬೆರಳಿನಷ್ಟು ಚಿಕ್ಕವಳಾಗಿದ್ದಳು. ಕಾಯಿ ಸುಲಿಯುವುದನ್ನು ನಿಲ್ಲಿಸಿ ಕೈಗಳನ್ನು ಮೊರದ ಅಂಚಿನ ಮೇಲೆ ಇಟ್ಟಿದ್ದಳು. ಒಳ್ಳೆಯದೇ ಆಯಿತು ಎಂದುಕೊಂಡು ಅವನು ಲೆನ್ಸಿನ ಮುಚ್ಚಳ ತೆಗೆದ, ನೆರಳಿನ ಬೆಳಕಿಗೆ ಬೇಕಾದಷ್ಟು ಹೊತ್ತು ಮನಸ್ಸಿನಲ್ಲೇ ಎಣಿಸಿ ಮುಚ್ಚಿದ. ಅವನ ಕೈ ಎಲ್ಲೂ ತಾಗಲಿಲ್ಲ, ಮೆದೆಯ ಒಂದು ಹುಲ್ಲುಕಡ್ಡಿ ಅಲುಗಲಿಲ್ಲ. ಎಣಿಸುವಾಗ ಅಷ್ಟು ದೂರದಲ್ಲಿ ಅವಳ ತಲೆ ಏನೋ ಮಿಸುಕಿದ ಹಾಗೆ ಕಂಡಿತು. ನೊಣ ಇರಬೇಕು. ಇರಲಿ ಎಂದು ಇನ್ನೊಂದು ಪ್ಲೇಟು ಹಾಕಿ, ಅವಳು ಅಲುಗದೆ ಕೂತದ್ದನ್ನು ನೋಡಿಕೊಂಡು, ಮತ್ತೆ ಮುಚ್ಚಳ ತೆಗೆದ. ನೊಣ ಮತ್ತೆ ಬಂತು.

ಪಟೇಲರು, ನೀವು ಊರಿಗೆ ಹೋಗಿ ಕಾಗದದ ಮೇಲೆ ಪಟ ಇಳಿಸುವುದು ಗಿಳಿಸುವುದು ಬೇಡ, ಇಲ್ಲೇ ತೊಳೆಯಿರಿ, ಗಾಜಿನಲ್ಲೇ ನೋಡಿಬಿಡುತ್ತೇನೆ ಎಂದು ಹಟ ಹಿಡಿದು, ಕಿಟಕಿಯಿಲ್ಲದ ಕಣಜದ ಕೋಣೆಯನ್ನು ಬಿಟ್ಟುಕೊಟ್ಟರು. ಕೆಂಪು ಗಾಜಿನ ದೀಪ, ಎರಡು ತಟ್ಟೆ ಮದ್ದು, ಒಂದು ಕೊಳಗ ನೀರು. ರಾಗಿಯ ಧೂಳಿನ ವಾಸನೆಯಲ್ಲಿ ಅಂಕಯ್ಯ ತಟ್ಟೆಯನ್ನು ಮೆಲ್ಲಗೆ ತೂಗಿದ. ಬಾಗಿಲಿನಾಚೆ ಪಟೇಲರು ಅತ್ತಿಂದಿತ್ತ ಓಡಾಡುವ ಸದ್ದು, ಯಾರಿಗೋ ಮೊಳೆ ಎಲ್ಲಿ ಹೊಡೆಯುವುದೆಂದು ಹೇಳುವುದು, ಎಲ್ಲ ಕೇಳುತ್ತಿತ್ತು. ಮೊದಲು ಕಂಬ ಬಂತು. ಕಂಬದ ಕೆತ್ತನೆ, ಕೆತ್ತನೆಯ ಗಿಣಿಯ ಕೊಕ್ಕು, ಕೊಕ್ಕಿನ ಬಿರುಕು. ಅವನಿಗೆ ಕೂಗಿಬಿಡಬೇಕೆನ್ನಿಸಿತು. ಇಂಥ ಪ್ಲೇಟನ್ನು ಅವನು ಜನ್ಮದಲ್ಲಿ ತೆಗೆದಿರಲಿಲ್ಲ, ಈ ಸಂಸ್ಥಾನದಲ್ಲಿ ಯಾರೂ ತೆಗೆದಿರಲಾರರು. ಮೊರ ಬಂತು, ಮೊರದ ಹೆಣಿಗೆಯ ಒಂದೊಂದು ಸೀಳು, ಅವರೆಯ ಒಂದೊಂದು ಕಾಳು, ಮೊರದ ಅಂಚಿನ ಮೇಲೆ ಊರಿದ ಎರಡು ಕೈ, ಉಗುರು, ಉಗುರಿನ ಸಂದಿನ ಸಿಪ್ಪೆ. ಕೊರಳಿನ ಮೇಲೆ ಏನೂ ಇರಲಿಲ್ಲ. ಏನೂ ಇಲ್ಲವೆಂದಲ್ಲ, ಒಂದು ಮಬ್ಬು, ಎಡದಿಂದ ಬಲಕ್ಕೆ ಎಳೆದದ್ದು, ಬಲದಿಂದ ಎಡಕ್ಕೆ ಎಳೆದದ್ದು. ಅವನು ಎರಡನೆಯದನ್ನು ಮದ್ದಿಗೆ ಹಾಕಿದ. ಕಂಬ, ಗಿಣಿ, ಮೊರ, ಕೈ. ಮತ್ತೆ ಅದೇ ಮಬ್ಬು, ಎಡಕ್ಕೆ ಬಲಕ್ಕೆ, ಎಡಕ್ಕೆ ಬಲಕ್ಕೆ.

ನೊಣವಲ್ಲ ಎಂಬುದು ಅವನಿಗೆ ಮೆದೆಯ ಹತ್ತಿರವೇ ಗೊತ್ತಿತ್ತು. ನೊಣ ಓಡಿಸುವವರು ಕೈ ಎತ್ತುತ್ತಾರೆ. ಅವಳ ಕೈ ಕೆಲಸ ಬಿಟ್ಟು, ಅಲುಗದೆ, ಕಲ್ಲಿನಲ್ಲಿ ಕೊರೆದ ಹಾಗೆ ಮೊರದ ಮೇಲಿತ್ತು. ಅವಳು ಕೂತದ್ದೇ ಅದಕ್ಕಾಗಿ. ಕಣದಾಚೆ, ಬಾನಿಯಾಚೆ, ಮೆದೆಯ ಪಕ್ಕದ ಕರಿಯ ಬಟ್ಟೆಯನ್ನು ನೆಟ್ಟಗೆ ನೋಡುತ್ತಾ, ಅವನು ಮುಚ್ಚಳ ತೆಗೆದಾಗ ತಲೆಯನ್ನು ಎಡಕ್ಕೆ ಬಲಕ್ಕೆ ಆಡಿಸಿ ಬೇಡ ಎಂದಳು, ಮುಚ್ಚುವವರೆಗೂ ಎಂದಳು, ಎರಡನೆಯ ಸಲವೂ ಎಂದಳು. ಮುಂಚಿನ ಸ್ಟ್ಯಾಂಡಾಗಿದ್ದರೆ ಕಂಬಕ್ಕೂ ಎರಡು ನೆರಳು ಬಂದು, ಮೊರವೂ ಕದಡಿಹೋಗಿ, ಎಲ್ಲವೂ ಸೇರಿ ಅವಳ ಮಾತನ್ನು ಮುಚ್ಚಿಹಾಕುತ್ತಿದ್ದವು. ಇದು ಅಲ್ಲಾಡಲಿಲ್ಲವಾಗಿ ಅಲ್ಲಾಡಿದ್ದು ಅವಳೊಬ್ಬಳೇ. ಪ್ಲೇಟನ್ನು ಹೊರಗೆ ತೆಗೆದುಕೊಂಡು ಹೋದರೆ ಸಾಕು. ನೋಡಿ ಪಟೇಲರೇ, ಗಿಣಿಯ ಕೊಕ್ಕು ನೋಡಿ, ಇನ್ನು ಯಾವನಾದರೂ ನನ್ನನ್ನು ನಡುಕದವನು ಅನ್ನಲಿ. ಹುಣಸೂರಿಗೆ ಹೋದರೆ ಕಚೇರಿಯ ಬಾಗಿಲಿಗೇ ಒಂದು ಪ್ರತಿ ತೂಗುಹಾಕಬಹುದು. ಪಟೇಲರೂ ನೋಡುತ್ತಾರೆ. ಅವರಿಗೆ ಅರ್ಥವಾಗುತ್ತದೆ, ತಾಯಿ ಬೇಡ ಎನ್ನುವುದನ್ನು ಅವರು ಬೇಕಾದಷ್ಟು ಸಲ ನೋಡಿರುತ್ತಾರೆ. ಆಮೇಲೆ ಇಷ್ಟು ಚೆನ್ನಾಗಿ ಬರುವುದಾದರೆ ಇವಳ ತಲೆ ಹಿಡಿದು ಕೂರಿಸಲು ಯಾರನ್ನಾದರೂ ಬಿಡುತ್ತೇನೆ, ಸೊಸೆ ಜಡೆ ಹಾಕುವ ನೆಪದಲ್ಲಿ ಹಿಡಿದುಕೊಳ್ಳಲಿ, ಇನ್ನೊಂದು ತೆಗೆಯಿರಿ ಎನ್ನುತ್ತಾರೆ. ಈ ಸ್ಟ್ಯಾಂಡಿನ ಮೇಲೆ ಇನ್ನೊಂದು ಬಂದೇ ಬರುತ್ತದೆ. ಅದಕ್ಕೇ ಅವನಿಗೆ ಭಯವಾದದ್ದು. ಅವನ ಜೀವಮಾನದಲ್ಲಿ ಮೊದಲ ಸಲ, ಮಾಡಿದರೆ ಕೈಗೂಡಿಯೇ ತೀರುವ ಕೆಲಸವೊಂದು ಅವನ ಮುಂದಿತ್ತು.

ಮದ್ದಿನಲ್ಲಿ ನೆನೆದ ಪ್ಲೇಟಿನ ಮೈ ಕೆನೆಯ ಹಾಗೆ ಮೆತ್ತಗಿರುತ್ತದೆ. ಅಂಕಯ್ಯ ಹೆಬ್ಬೆರಳನ್ನು ಅದರ ಮೇಲೆ ಇಟ್ಟ. ಸ್ವಲ್ಪ ಹೊತ್ತು ಹಾಗೇ ಇಟ್ಟುಕೊಂಡು ಗಿಣಿಯನ್ನು ನೋಡಿದ. ಇದನ್ನು ನೋಡಿದವನು ತಾನೊಬ್ಬನೇ. ಆಮೇಲೆ ಉಜ್ಜಿದ. ಗಿಣಿ ಹೋಯಿತು, ಕಂಬ ಹೋಯಿತು, ಮೊರ, ಕೈ. ಎರಡನೆಯದನ್ನೂ ಉಜ್ಜಿ ಕೊಳಗದ ನೀರಿನಲ್ಲಿ ತೊಳೆದ. ಬರೀ ಗಾಜಾದ ಎರಡು ತುಂಡನ್ನು ಪಂಚೆಯ ಅಂಚಿಗೆ ಒರೆಸಿ ಪೆಟ್ಟಿಗೆಯಲ್ಲಿಟ್ಟು ಬಾಗಿಲು ತೆರೆದ.

ಪಟೇಲರು ಮೊಳೆ ಹಿಡಿದುಕೊಂಡೇ ನಿಂತಿದ್ದರು. ಅಂಕಯ್ಯ ಬರಿಗೈ ತೋರಿಸಿ, ಮುಖ ಬರಲಿಲ್ಲ, ಕೆಟ್ಟುಹೋಯಿತು, ಒರೆಸಿಬಿಟ್ಟೆ ಎಂದ. ಅವರ ಮುಖ ಸಣ್ಣದಾಯಿತು. ಆದರೂ ದೊಡ್ಡ ಮನುಷ್ಯರು, ಸಿಟ್ಟು ಮಾಡಲಿಲ್ಲ. ಅವನಿಗೆ ತಪ್ಪಿಸಿಕೊಳ್ಳಲು ತಾವೇ ದಾರಿ ಹುಡುಕಿಕೊಟ್ಟರು.

“ಸ್ಟ್ಯಾಂಡು ಕೈಕೊಡ್ತಾ ಅಂಕಯ್ಯ? ಒಸದಲ್ವಾ, ಅದುಕ್ಕೇ ಇರ್ಬೇಕು.”

ಇಷ್ಟು ವರ್ಷ ಅವನು ಜನರ ಬಾಯಿಂದ ಕೇಳಬೇಕೆಂದು ಕಾದ ಮಾತು ಅದು. ಈಗ ಯಾರೂ ಕೇಳದೆ, ತಾನಾಗಿ ಬಂದು ಎದುರಿಗೆ ನಿಂತಿತ್ತು.

“ಸ್ಟ್ಯಾಂಡು ಬಂಡೆಯಂಗೆ ನಿಂತಿತ್ತು ಪಟೇಲ್ರೆ,” ಎಂದ ಅಂಕಯ್ಯ. “ನಡುಗಿದ್ದು ನನ್ನ ಕೈ.”

ಅವನ ದನಿ ಗಟ್ಟಿಯಾಗಿತ್ತು, ಹೆಚ್ಚೇ ಗಟ್ಟಿಯಾಗಿತ್ತು, ಕಣದಲ್ಲಿದ್ದ ಆಳುಗಳೂ ತಿರುಗಿ ನೋಡಿದರು. ಇನ್ನೊಂದು ಸಲ ತೆಗೆಯೋಣವೇ ಎಂದು ಪಟೇಲರು ಅರೆಮನಸ್ಸಿನಿಂದ ಕೇಳಿದರು. ಇಷ್ಟು ದೂರದಿಂದ ನನ್ನಿಂದ ಆಗದ್ದು ಮೈಸೂರಿನಿಂದ ಯಾರನ್ನು ಕರೆಸಿದರೂ ಆಗುವುದಿಲ್ಲ, ಸುಮ್ಮನೆ ಆ ಜೀವಕ್ಕೆ ತೊಂದರೆ ಕೊಡಬೇಡಿ ಎಂದು ಅವನು ಹೇಳಿದ. ಅವರು ತಲೆಯಾಡಿಸಿದರು. ಮೊಳೆಯನ್ನು ಜೇಬಿಗೆ ಹಾಕಿಕೊಂಡು ಗಾಡಿ ಹೂಡಿಸಲು ಹೋದರು. ಈ ಸುದ್ದಿ ಗಾಡಿಯವನ ಜೊತೆ ಕೋಟೆಗೆ ಹೋಗುತ್ತದೆ, ಬಸ್ಸಿನ ಜೊತೆ ಹುಣಸೂರಿಗೆ ಬರುತ್ತದೆ, ಅವನಿಗಿಂತ ಮುಂಚೆಯೇ ಬಂದರೂ ಬರಬಹುದು. ಬರಲಿ ಎಂದುಕೊಂಡ. ಬರಲಿ ಎಂದುಕೊಳ್ಳಲು ಕಷ್ಟವೇ ಆಯಿತು.

ಸೊಸೆ ಕೊಡಬೇಕಾಗಿದ್ದ ಮಜ್ಜಿಗೆಯ ಚೊಂಬನ್ನು ಹಿಡಿದು ಕೆಂಪಾಜಮ್ಮನೇ ಜಗುಲಿಯಿಂದ ಇಳಿದು ಬಂದಳು. ಗಾಜಿನಲ್ಲಿ ತಲೆಕೆಳಗಾಗಿ ಕಂಡವಳು ಈಗ ನೆಟ್ಟಗೆ, ಅವನ ಭುಜದಷ್ಟು ಎತ್ತರಕ್ಕೆ, ಹಚ್ಚೆಯ ಮೂರು ಚುಕ್ಕಿಯೊಂದಿಗೆ ಎದುರಿಗೆ ನಿಂತಿದ್ದಳು. ಅವನು ತಲೆ ಎತ್ತಲಿಲ್ಲ. ಚೊಂಬು ಅವನ ಕೈಗೆ ಕೊಟ್ಟು, ಮಗನಿಗೆ ಕೇಳಿಸದಷ್ಟು ಮೆಲ್ಲಗೆ ಹೇಳಿದಳು.

“ಅತ್ರದ್ದು ನಂಗೆ ಮಬ್ಬು ಕಣಪ್ಪ. ದೂರುದ್ದು ಸಂದಾಗಿ ಕಾಣ್ತದೆ. ನಿನ್ ಕೈ ನಡುಗ್ನಿಲ್ಲ.”

ಅಷ್ಟು ಹೇಳಿ ಜಗುಲಿಗೆ ಹೋಗಿ ಮೊರದ ಮುಂದೆ ಕೂತಳು. ಅಂಕಯ್ಯ ಚೊಂಬನ್ನು ಬಾಯಿಯ ಹತ್ತಿರ ತಂದ. ಮಜ್ಜಿಗೆ ಅಂಚಿನಿಂದ ತುಳುಕಿ ಅಂಗಿಯ ಎದೆಯ ಮೇಲೆ ಚೆಲ್ಲಿತು, ಇನ್ನೊಂದು ಕೈಯನ್ನೂ ಕೊಟ್ಟು ಹಿಡಿದ, ಮತ್ತೆ ಚೆಲ್ಲಿತು. ಗಾಡಿಯ ಹತ್ತಿರ ನಿಂತಿದ್ದ ಪಟೇಲರು ಅದನ್ನು ನೋಡಿ, ಪಕ್ಕದ ಆಳಿಗೆ, ಪಾಪ, ನಿಜವಾಗಿಯೂ ನಡುಗುತ್ತದೆ ಕಣೋ, ಆ ಸ್ಟ್ಯಾಂಡು ನೀನೇ ಎತ್ತಿ ಗಾಡಿಗಿಡು ಎಂದರು. ಅಂಕಯ್ಯ ಚೊಂಬಿನಲ್ಲಿ ಉಳಿದದ್ದನ್ನು ಕುಡಿದ.